ಬೀರುವಿನ ಹಿಂದೆ ನಿಲ್ಲುತ್ತಿದ್ದ ಮಗ, ನಮ್ಮ ಒಂಬತ್ತು ತಿಂಗಳ ಲೆಕ್ಕ

ನನ್ನ ಮಗ ಈಗ ದಿನಾ ಬೆಳಿಗ್ಗೆ ತಾನೇ ಹೋಗಿ ಕಕ್ಕ ಮಾಡಿ ಬರುತ್ತಾನೆ. ಇದೇನು ದೊಡ್ಡ ವಿಷಯ ಅನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಐದು ದಿನಕ್ಕೊಮ್ಮೆ, ಅದೂ ಬೀದಿಗೆಲ್ಲ ಕೇಳುವ ಹಾಗೆ ಅತ್ತು ಕಕ್ಕ ಮಾಡುವ ಮಗು ಮನೆಯಲ್ಲಿದ್ದವರಿಗೆ ಮಾತ್ರ ಇದರ ಬೆಲೆ ಗೊತ್ತು. ಹೆಚ್ಚುಕಮ್ಮಿ ಒಂದೂವರೆ ವರ್ಷ ಈ ಮಲಬದ್ಧತೆಯಲ್ಲೇ ಹೋಯಿತು. "ಇದರಿಂದೆಲ್ಲ ಆಗಲ್ಲ ಬಿಡು" ಅಂದವರೇ ಈಗ ಫೋನ್ ಮಾಡಿ ಏನು ಮಾಡಿದೆ ಹೇಳು ಅಂತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿತು, ಅದಕ್ಕೆ ಬರೆಯುತ್ತಿದ್ದೇನೆ.

ಒಣದ್ರಾಕ್ಷಿ ನೆನೆಸಿದ ನೀರು, ಪಪ್ಪಾಯಿ, ಬೆಳಿಗ್ಗೆ ಎದ್ದ ತಕ್ಷಣ ಬಿಸಿನೀರು, ಹೊಕ್ಕುಳ ಸುತ್ತ ಹರಳೆಣ್ಣೆ. ಇವೆಲ್ಲ ನಿಮಗೂ ಗೊತ್ತು, ನಾನೂ ಎಲ್ಲ ಮಾಡಿದೆ. ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಇಡುವುದನ್ನು ಅತ್ತೆ ಮಾಡಿದರು. ಆವತ್ತಿಗೆ ಕೆಲಸ ಆಯಿತು. ಮಾರನೇ ದಿನದಿಂದ ಮಗ ಅಜ್ಜಿಯ ತೊಡೆ ಮೇಲೆ ಮಲಗುವುದನ್ನೇ ಬಿಟ್ಟ. ಗುದದೊಳಗೆ ಇಡುವ ಗ್ಲಿಸರಿನ್ ಬತ್ತಿ, ಅಂದರೆ ಸಪೋಸಿಟರಿ, ಅದರದ್ದೂ ಅದೇ ಕಥೆ. ನಾಲ್ಕನೇ ಸಲಕ್ಕೆ ಫ್ರಿಜ್ ಬಾಗಿಲು ತೆಗೆದ ಸದ್ದು ಕೇಳಿದರೆ ಸಾಕು, ಮಂಚದ ಕೆಳಗೆ ಓಡುತ್ತಿದ್ದ. ಅದನ್ನು ಫ್ರಿಜ್‌ನಲ್ಲಿ ಇಡುತ್ತಿದ್ದೆ, ಅವನು ಗಮನಿಸಿದ್ದ.

ಶುರುವಾದದ್ದು ಅವನಿಗೆ ಎರಡು ವರ್ಷ ಎಂಟು ತಿಂಗಳಾಗಿದ್ದಾಗ, ಏಪ್ರಿಲ್ ಬಿಸಿಲಲ್ಲಿ. ನಾಲ್ಕು ದಿನ ಜ್ವರ ಬಂತು, ಊಟ ಇಲ್ಲ, ನೀರು ಕುಡಿಯಲಿಲ್ಲ. ಐದನೇ ದಿನ ಕಲ್ಲಿನಂಥ ಕಕ್ಕ ಹೋಯಿತು, ಮೇಲೆ ಒಂದು ಗೆರೆ ರಕ್ತ. ಒಂದು ವಾರದಲ್ಲಿ ಗಾಯ ಮಾಯಿತು. ಭಯ ಮಾತ್ರ ಹಾಗೇ ಉಳಿಯಿತು. ಅಲ್ಲಿಂದ ಮುಂದೆ ಹೊಟ್ಟೆ ಕದಡಿದ ಹಾಗಾದರೆ ಸಾಕು, ಬೀರುವಿನ ಹಿಂದಿನ ಸಂದಿಗೆ ಹೋಗಿ ನಿಲ್ಲುತ್ತಿದ್ದ. ತುದಿಗಾಲು, ಕತ್ತರಿ ಹಾಕಿದ ತೊಡೆ, ಕೆಂಪೇರಿದ ಮುಖ, ಗೋಡೆಗೆ ಒತ್ತಿದ ಎರಡು ಕೈ. ನಾವೆಲ್ಲ "ಪಾಪ, ಎಷ್ಟು ತಿಣುಕುತ್ತೆ ಮಗು" ಅಂತಿದ್ದೆವು. "ಬರುತ್ತೆ ಕಂದಾ, ತಿಣುಕು ತಿಣುಕು" ಅಂತ ಪಕ್ಕದಲ್ಲಿ ನಿಂತು ಹುರಿದುಂಬಿಸುತ್ತಿದ್ದೆ ಬೇರೆ.

ಅವನು ತಿಣುಕುತ್ತಿರಲಿಲ್ಲ. ಬಿಗಿಹಿಡಿಯುತ್ತಿದ್ದ. ಇದು ನನಗೆ ತಿಳಿಯೋಕೆ ಐದು ತಿಂಗಳು, ಮೂವರು ಡಾಕ್ಟರು ಬೇಕಾಯಿತು.

ಮೊದಲನೆಯದು ದೊಡ್ಡ ಆಸ್ಪತ್ರೆ. ಎಕ್ಸ್‌ರೇ, ಸ್ಕ್ಯಾನಿಂಗ್, ರಕ್ತ, ಎಲ್ಲ ಸೇರಿ 3,000ದ ಹತ್ತಿರ. ಕೊನೆಗೆ "ಎಲ್ಲ ನಾರ್ಮಲ್, ನಾರಿನಂಶ ಕೊಡಿ" ಅಂದರು. ಎರಡನೆಯವರು ಕಕ್ಕ ಮೆತ್ತಗೆ ಮಾಡುವ ಲ್ಯಾಕ್ಟುಲೋಸ್ ಸಿರಪ್ ಬರೆದು ಒಂದು ವಾರ ಕೊಡಿ ಅಂದರು. ಕೊಟ್ಟ ವಾರ ಸರಿಹೋಯಿತು, ನಿಲ್ಲಿಸಿದ ವಾರ ಮತ್ತೆ ಬೀರು. ಮೂರನೆಯವರು ತುಮಕೂರಿನವರು. ನಾವಿರುವುದು ತಿಪಟೂರಿನಲ್ಲಿ, ಬಸ್ಸಲ್ಲಿ ಎರಡು ಗಂಟೆ, ಫೀಸು 400. ಅವರು ಮಾತ್ರೆ ಬರೆಯುವ ಮೊದಲು ಮಗ ಹೇಗೆ ನಿಲ್ಲುತ್ತಾನೆ ಅಂತ ನನ್ನ ಕೈಲಿ ಅಭಿನಯ ಮಾಡಿಸಿದರು. ಆ ಕ್ಲಿನಿಕ್ಕಿನಲ್ಲಿ, ಸೀರೆ ಉಟ್ಟುಕೊಂಡು, ತುದಿಗಾಲಲ್ಲಿ ನಿಂತು ತೋರಿಸಿದೆ. ನಗಲಿಲ್ಲ ಅವರು. "ಒಳಗೆ ತುಂಬಿ ತುಂಬಿ ಕರುಳಿನ ಕೊನೆ ಹಿಗ್ಗಿಬಿಟ್ಟಿದೆಯಮ್ಮ. ಈಗ ಬಂದದ್ದು ಅವನಿಗೇ ಗೊತ್ತಾಗಲ್ಲ. ಪೂರ್ತಿ ಖಾಲಿ ಮಾಡಿಸಿ, ಆಮೇಲೆ ತಿಂಗಳುಗಟ್ಟಲೆ ಮೆತ್ತಗೇ ಇಡಬೇಕು. ನೋವನ್ನು ಮರೆಯೋ ತನಕ" ಅಂದರು.

ಬರೆದದ್ದು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ರುಚಿ ಇಲ್ಲ, ನೀರಲ್ಲಿ ಕರಗುತ್ತೆ, ಮೈಗೆ ಹತ್ತುವುದೇ ಇಲ್ಲ ಅನ್ನಬಹುದು. ಕರುಳಲ್ಲಿ ನೀರನ್ನು ಹಿಡಿದಿಟ್ಟು ಹೊರಗೆ ಹೋಗುತ್ತೆ. ಡೋಸ್ ನಾನು ಬರೆಯುವುದಿಲ್ಲ, ಕೇಳಲೂ ಬೇಡಿ. ಅದು ಮಗುವಿನ ತೂಕದ ಮೇಲೆ, ಖಾಲಿ ಮಾಡಿಸುವಾಗ ಒಂದು, ಆಮೇಲೆ ದಿನಾ ಕೊಡುವುದು ಒಂದು. ನಿಮ್ಮ ಡಾಕ್ಟರೇ ಹೇಳಬೇಕು.

ಖಾಲಿ ಮಾಡಿಸುವುದಕ್ಕೆ ಸಾಲಾಗಿ ರಜೆ ಬಂದ ಮೂರು ದಿನ ನೋಡಿಕೊಂಡೆ. ಆ ಮೂರು ದಿನದ ವರ್ಣನೆ ಬೇಡ. ಹದಿನಾಲ್ಕೋ ಹದಿನೈದೋ ಚಡ್ಡಿ, ಎರಡು ಬೆಡ್‌ಶೀಟು, ಒಂದು ಸೋಫಾ ಕವರು. ಮೂರನೇ ದಿನ ಸಂಜೆ ಅವನ ಹೊಟ್ಟೆ ಮುಟ್ಟಿ ನೋಡಿದರೆ ಹತ್ತಿಯ ಹಾಗಿತ್ತು. ಎಡಗಡೆ ಕೆಳಗೆ ಕೈಗೆ ಸಿಗುತ್ತಿದ್ದ ಗಂಟು ಇರಲಿಲ್ಲ. ರಾತ್ರಿ ಎರಡು ಮುದ್ದೆ ತಿಂದ. ಚಿಕ್ಕವೇ, ಆದರೂ ಎರಡು!

ಮನೆಯಲ್ಲಿ ಗಲಾಟೆ ಶುರುವಾದದ್ದು ಆಗಲೇ. "ದಿನಾ ಔಷಧಿ ಕೊಟ್ರೆ ಅದೇ ಅಭ್ಯಾಸ ಆಗೋಗುತ್ತೆ, ದೊಡ್ಡವನಾದ ಮೇಲೂ ಪುಡಿ ಇಲ್ದೆ ಆಗಲ್ಲ" ಅಂತ ಅತ್ತೆ. "ರಾಗಿ ತಿನ್ನೋ ಮಕ್ಕಳಿಗೆ ಇದೆಲ್ಲ ಬರಲ್ವಲ್ಲ" ಅಂತ ಪಕ್ಕದ ಮನೆಯವರು. ನಮ್ಮ ಮನೆಯವರು ಏನೂ ಅನ್ನಲಿಲ್ಲ, ಆದರೆ ಡಬ್ಬಿಯ ಬೆಲೆಯನ್ನು ಎರಡು ಸಲ ಓದಿದರು. ಮೂರು ವಾರ ಎಲ್ಲ ಚೆನ್ನಾಗಿ ನಡೆಯಿತು. ದೀಪಾವಳಿಗೆ ತವರಿಗೆ ಹೋಗುವಾಗ ಡಬ್ಬಿ ಬೇಕಂತಲೇ ಬಿಟ್ಟು ಹೋದೆ. ಯಾಕೆ ಸುಮ್ನೆ ಎಲ್ಲರ ಬಾಯಿಗೆ ಬೀಳೋದು ಅಂತ. ಹತ್ತು ದಿನದಲ್ಲಿ ಮಾಡಿದ್ದೆಲ್ಲ ನೀರು ಪಾಲು.

ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ಮಾಡಿದೆ. ಒಂದು ದಿನ ಚಡ್ಡಿಯಲ್ಲಿ ತೆಳ್ಳಗೆ ಕಲೆ. ಮಧ್ಯಾಹ್ನದೊಳಗೆ ಆರೇಳು ಸಲ. ಭೇದಿ ಅಂದುಕೊಂಡೆ. ಆಗಷ್ಟೇ ಮತ್ತೆ ಶುರು ಮಾಡಿದ್ದ ಪುಡಿ ನಿಲ್ಲಿಸಿದೆ. ಅನ್ನದ ಗಂಜಿ ಕೊಟ್ಟೆ, ಅತ್ತೆ ದಾಳಿಂಬೆ ಸಿಪ್ಪೆ ಕಷಾಯ ಮಾಡಿದರು, ಮೆಡಿಕಲ್ ಶಾಪಿನಿಂದ ಓಆರ್‌ಎಸ್ (ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆ ನೀರು) ಅಂತ ಬರೆದ ಸಿಹಿ ಟೆಟ್ರಾ ಪ್ಯಾಕ್ ನಾಲ್ಕು ತಂದೆ. ಆದರೆ ಅದು ಭೇದಿಯೇ ಅಲ್ಲ. ಒಳಗೆ ಗಟ್ಟಿ ಕೂತದ್ದು ಕೂತೇ ಇತ್ತು, ಅದರ ಪಕ್ಕದಿಂದ ನೀರು ಜಾರಿ ಬರುತ್ತಿತ್ತು. ತುಂಬಿದ ಕೆರೆಯ ಕೋಡಿ ಹರಿದ ಹಾಗೆ. ನಾವು ಅದಕ್ಕೆ ಇನ್ನೂ ಕಟ್ಟೆ ಕಟ್ಟುತ್ತಿದ್ದೆವು. ಎಂಟನೇ ದಿನ ರಾತ್ರಿ ವಾಂತಿ ಶುರುವಾಗಿ, ಕಾರು ಮಾಡಿಕೊಂಡು ತುಮಕೂರಿಗೆ ಓಡಿದೆವು. ಕಾರಿಗೇ 2,200. ಮತ್ತೆ ಮೊದಲಿಂದ ಖಾಲಿ ಮಾಡಿಸುವುದು, ಮತ್ತೆ ಸೋಫಾ ಕವರು.

ಟೆಟ್ರಾ ಪ್ಯಾಕಿನ ಮಾತು ಬಂತು ಅಂತ ಇದೊಂದು ಹೇಳಿಬಿಡುತ್ತೇನೆ. ನಿಜವಾದ ಭೇದಿಗೂ ಅದು ಆಗುವುದಿಲ್ಲ, ಸಕ್ಕರೆ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) ಲೆಕ್ಕದ ಓಆರ್‌ಎಸ್ ಪುಡಿ ಒಂದು ಲೀಟರಿಗೆ ಇಪ್ಪತ್ತೂವರೆ ಗ್ರಾಂ, ಅದರಲ್ಲಿ ಗ್ಲೂಕೋಸ್ ಹದಿಮೂರೂವರೆ ಮಾತ್ರ. ಆ ಲೆಕ್ಕಕ್ಕೆ ಹೊಂದದ ಪಾನೀಯಗಳು ಹೆಸರಲ್ಲಿ ಓಆರ್‌ಎಸ್ ಅಂತ ಹಾಕಿಕೊಳ್ಳಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರಿನಲ್ಲಿ ಆದೇಶ ಮಾಡಿತು. ನಮಗೆ ಆಗ ಯಾರು ಹೇಳಬೇಕಿತ್ತು?

ಎರಡನೇ ಸಲ ಹಟ ಹಿಡಿದೆ. ಯಾರು ಏನೇ ಅನ್ನಲಿ ಪುಡಿ ತಪ್ಪಿಸಲಿಲ್ಲ. ಜೊತೆಗೆ ಲೆಕ್ಕ ಬರೆಯಲು ಶುರು ಮಾಡಿದೆ. ಬೇರೆ ಪುಸ್ತಕ ಇಡಲಿಲ್ಲ. ಅಡುಗೆಮನೆ ಗೋಡೆಯಲ್ಲಿ ಹಾಲಿನ ಲೆಕ್ಕದ ಕ್ಯಾಲೆಂಡರ್ ಇರುತ್ತಲ್ಲ, ಅದರ ಚೌಕದಲ್ಲೇ. ಆಡಿನ ಹಿಕ್ಕೆ ಥರ ಇದ್ದರೆ ಹಿ, ಶೇಂಗಾ ಚಿಕ್ಕಿ ಥರ ಉಂಡೆ ಉಂಡೆ ಅಂಟಿಕೊಂಡಿದ್ದರೆ ಚಿ, ಬಾಳೆಹಣ್ಣಿನ ಥರ ಬಂದರೆ ಬಾ, ಅಂಬಲಿ ಥರ ಇದ್ದರೆ ಅಂ. ಡಾಕ್ಟರ ಹತ್ತಿರ ಬ್ರಿಸ್ಟಲ್ ಅಂತ ಏಳು ಚಿತ್ರದ ಚಾರ್ಟು ಇತ್ತು. ನನ್ನದು ನಾಲ್ಕೇ ಅಕ್ಷರ, ಅವರಿಗೂ ಸಾಕಾಯಿತು. ಬಾ ಮತ್ತು ಅಂ ನಡುವೆ ಇದ್ದರೆ ಪುಡಿ ಅಷ್ಟೇ ಇರಲಿ ಅಂದರು.

ಆ ಕ್ಯಾಲೆಂಡರಿನಿಂದಲೇ ಇನ್ನೊಂದು ಸಿಕ್ಕಿಬಿತ್ತು. ಹಾಲಿನವನಿಗೆ ದುಡ್ಡು ಕೊಡಲು ತಿಂಗಳ ಕೊನೆಗೆ ಕೂಡಿಸುತ್ತಾ ಕೂತಿದ್ದೆ. 'ಅರ್ಧ ಲೀಟರ್ ಎಕ್ಸ್ಟ್ರಾ' ಅಂತ ಬರೆದ ದಿನಗಳ ಮುಂದೆಲ್ಲ ಹಿ, ಹಿ, ಚಿ. ನೆಂಟರು ಬಂದ ದಿನದ ಮಾತಲ್ಲ. ಊಟ ಬೇಡ ಅಂತ ಹಟ ಮಾಡಿದಾಗ ಅವನಿಗೇ ಬಾಟಲಿಯಲ್ಲಿ ತುಂಬಿಸಿಕೊಟ್ಟ ಹಾಲು. ಲೆಕ್ಕ ಹಾಕಿದರೆ ಕೆಲವು ದಿನ ಮುಕ್ಕಾಲು ಲೀಟರ್ ಕುಡಿಯುತ್ತಿದ್ದ. ಹಾಲಲ್ಲೇ ಹೊಟ್ಟೆ ತುಂಬಿದರೆ ಸೊಪ್ಪು, ಕಾಳು ಎಲ್ಲಿ ಇಳಿಯುತ್ತೆ? ಬಾಟಲಿ ಬಿಸಾಡಿದೆ. ದಿನಕ್ಕೆ ಎರಡು ಚಿಕ್ಕ ಲೋಟ, ಅಷ್ಟೇ. ಮೂರು ದಿನ ಮನೆ ಕುರುಕ್ಷೇತ್ರ. ನಾಲ್ಕನೇ ದಿನ ಹಸಿವಿಗೆ ಸೊಪ್ಪಿನ ಸಾರು ಕಲಸಿದ ಅನ್ನ ಒಳಗೆ ಹೋಯಿತು. ಹಾಲಿನ ಬಿಲ್ಲಲ್ಲಿ ತಿಂಗಳಿಗೆ ಸುಮಾರು 400 ಉಳಿಯಿತು, ಪುಡಿಯ ಖರ್ಚು ಅಲ್ಲೇ ಬಂತು. ಇದನ್ನು ಮನೆಯವರಿಗೆ ಕಾಗದದ ಮೇಲೆ ಬರೆದು ತೋರಿಸಿದೆ.

ಇನ್ನೊಂದು ಮಣೆ. ನಮ್ಮ ಬಾಡಿಗೆ ಮನೆಯಲ್ಲಿರುವುದು ಕಮೋಡು ಮಾತ್ರ. ಅದರ ಮೇಲೆ ಮಕ್ಕಳ ಸೀಟು ಹಾಕಿ ಕೂರಿಸಿದರೆ ಕಾಲು ಗಾಳಿಯಲ್ಲಿ ನೇತಾಡುತ್ತೆ. ಕಾಲು ನೇತಾಡಿಸಿಕೊಂಡು ನೀವೊಮ್ಮೆ ಪ್ರಯತ್ನ ಮಾಡಿ ನೋಡಿ, ಗೊತ್ತಾಗುತ್ತೆ. ಮೊದಲು ಎರಡು ಊಟದ ಮಣೆ ಒಂದರ ಮೇಲೊಂದು ಇಟ್ಟೆ, ಜಾರಿತು, ಅತ್ತೆ ಬೈದರು. ಆಮೇಲೆ ಆಚಾರಿ ಹತ್ತಿರ ಹಲಸಿನ ಮರದ್ದು ಒಂದು ಮಾಡಿಸಿದೆ, 350 ಆಯಿತು. ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲೆ ಬರುವಷ್ಟು ಎತ್ತರ. ಕೂರಿಸಿದ ಅಳತೆ ತೆಗೆದುಕೊಂಡೇ ಮಾಡಿಸಿ, ಅಂದಾಜಿಗೆ ಬೇಡ.

ಹೊತ್ತು ಅಂದರೆ ಊಟ ಆದ ಹತ್ತಿಪ್ಪತ್ತು ನಿಮಿಷಕ್ಕೆ. ಹೊಟ್ಟೆಗೆ ಬಿದ್ದ ಮೇಲೆ ಕರುಳು ತಾನೇ ಅಲುಗಾಡುತ್ತೆ, ಆ ಹೊತ್ತನ್ನು ಬಿಡಬಾರದು. ಬೆಳಿಗ್ಗೆ ತಿಂಡಿ ಆದ ಮೇಲೆ ಒಮ್ಮೆ, ರಾತ್ರಿ ಊಟ ಆದ ಮೇಲೆ ಒಮ್ಮೆ, ಐದೇ ನಿಮಿಷ. ಬಂದರೆ ಬಂತು, ಇಲ್ಲದಿದ್ದರೆ ಎದ್ದು ಬಾ. "ಬಂತಾ, ಬಂತಾ" ಅಂತ ಕೇಳುವ ಹಾಗಿಲ್ಲ. ನನಗೆ ಬಾಯಿ ಕಟ್ಟುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಮೊಬೈಲ್ ಕೊಡಲಿಲ್ಲ. ಜಾತ್ರೆಯ ಹತ್ತು ರೂಪಾಯಿ ಪೀಪಿ ಕೊಟ್ಟೆ. ಪೀಪಿ ಊದಿದರೆ ಹೊಟ್ಟೆ ತಾನೇ ಬಿಗಿಯಾಗಿ ಕೆಳಗೆ ಒತ್ತುತ್ತೆ, ತಿಣುಕು ಅಂತ ಹೇಳಬೇಕಾಗಿಲ್ಲ. ಕೂತಿರುವಾಗ ಒಂದು ಕಥೆ ಹೇಳುತ್ತಿದ್ದೆ, ಅದು ಮುಗಿಯುವುದು ಕಕ್ಕ ಆದಾಗಲೇ. ಆ ಕಥೆ ಏನು ಅಂತ ಮಾತ್ರ ಹೇಳಲ್ಲ. ನನ್ನ ತಂಗಿ ಕೇಳಿದರೂ ಹೇಳಿಲ್ಲ.

ನಡುವೆ ಕೆಲವು ನನ್ನದೇ ಪ್ರಯೋಗ. ಎಳನೀರು ದಿನಾ ಕೊಟ್ಟೆ, ತೋಟ ಇದೆಯಲ್ಲ, ದುಡ್ಡಿಲ್ಲ. ಮೂತ್ರ ಜಾಸ್ತಿ ಆಯಿತು, ಬೇರೆ ಏನೂ ಇಲ್ಲ. ಬಾಳೆಹಣ್ಣಿನಲ್ಲಿ ಪಚ್ಚಬಾಳೆ, ಏಲಕ್ಕಿ ಎರಡೂ ನೋಡಿದೆ. ಯಾವ ಜಾತಿ ಅನ್ನುವುದಕ್ಕಿಂತ ಎಷ್ಟು ಹಣ್ಣಾಗಿದೆ ಅನ್ನುವುದೇ ಮುಖ್ಯ, ದೋರೆಗಾಯಿ ಕೊಟ್ಟ ವಾರ ಎರಡು ಸಲ ಚಿ ಬಂತು. ಸೀಬೆಹಣ್ಣು ಬೀಜ ಸಮೇತ ಕೊಟ್ಟಾಗ ಚೆನ್ನಾಗಿತ್ತು. ಹುರಿಹಿಟ್ಟಿಗೆ ನಾನೊಂದು ಸೇರಿಸುತ್ತೇನೆ, ಅದು ಹಾಗೇ ಇರಲಿ, ಮುಂದೆ ಮಾರಬೇಕು ಅಂತಿದ್ದೇನೆ.

ಪುಡಿ ನಡೆದದ್ದು ಒಂಬತ್ತು ತಿಂಗಳು. ಆರು ತಿಂಗಳು ಪೂರ್ತಿ, ಆಮೇಲೆ ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಿದ್ದು. ಆರನೇ ತಿಂಗಳಲ್ಲಿ ಒಂದು ದಿನ ಬೀರುವಿನ ಹಿಂದೆ ಕಸ ಹೊಡೆಯುವಾಗ ಜೇಡರ ಬಲೆ ಕಟ್ಟಿತ್ತು. ಆಗ ಹೊಳೆಯಿತು, ಅವನು ಅಲ್ಲಿಗೆ ಹೋಗಿ ಎಷ್ಟೋ ದಿನ ಆಗಿದೆ ಅಂತ. ಒಟ್ಟು ಖರ್ಚು ಆಸ್ಪತ್ರೆ, ಕಾರು, ಬಸ್ಸು, ಪುಡಿ, ಮಣೆ ಸೇರಿ 12,000ದ ಆಸುಪಾಸು. ಅದರಲ್ಲಿ ಅರ್ಧಕ್ಕೂ ಹೆಚ್ಚು ನನ್ನ ತಪ್ಪಿಗೆ ಕೊಟ್ಟದ್ದು.

ಒಂದು ಮಾತು. ಹುಟ್ಟಿದ ಎರಡು ದಿನದೊಳಗೆ ಮೊದಲ ಕಪ್ಪು ಕಕ್ಕ ಮಾಡದಿದ್ದ ಮಗು, ಹಸಿರು ವಾಂತಿ, ಊದಿದ ಹೊಟ್ಟೆ, ತೂಕ ಏರದೇ ಇರುವುದು, ಇವುಗಳಲ್ಲಿ ಒಂದಿದ್ದರೂ ನನ್ನ ಮಣೆ, ಪೀಪಿ ಬಿಟ್ಟು ನೇರ ಡಾಕ್ಟರ ಹತ್ತಿರ ಓಡಿ. ಅದು ಬೇರೆ ಕಾಯಿಲೆ ಇರಬಹುದು.

ಮೊನ್ನೆ ಪಕ್ಕದ ಮನೆಯವರ ಮೊಮ್ಮಗಳು ಬಾಗಿಲ ಹಿಂದೆ ಕಾಲು ಕತ್ತರಿ ಹಾಕಿ ನಿಂತಿದ್ದಳಂತೆ. "ಅದು ತಿಣುಕೋದಲ್ಲ ಕಣೇ, ಬಿಗಿ ಹಿಡಿಯೋದು" ಅಂತ ಪಾಠ ಹೇಳಿದ್ದು ಯಾರು ಅಂದುಕೊಂಡಿರಿ? ನಮ್ಮ ಅತ್ತೆ. ಹೇಳಿದ್ದು ಸಾಲದು ಅಂತ ನಮ್ಮ ಮಣೆಯನ್ನೂ ಎತ್ತಿ ಕೊಟ್ಟಿದ್ದಾರೆ. ಇನ್ನೂ ವಾಪಸ್ ಬಂದಿಲ್ಲ. ಇನ್ನೊಂದು ಮಾಡಿಸೋಣ ಅಂದರೆ ಆಚಾರಿ ಈಗ 500 ಕೇಳುತ್ತಿದ್ದಾನೆ.