ಬೆಣ್ಣೆಹಣ್ಣಿನ ಕಸಿ ಒಣಗುತ್ತಿದ್ದರೆ ಇದನ್ನು ಮಾಡಿ ನೋಡಿ

ನಮ್ಮ ಚಿತ್ರದುರ್ಗದಲ್ಲಿ ಬೆಣ್ಣೆಹಣ್ಣಿನ ಕಸಿ ಒಣಗಲು ದೊಡ್ಡ ಕಾರಣ ಗಾಳಿ. ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವುದನ್ನು ನೋಡಿದ್ದೀರಲ್ವಾ, ಅದೇ ಗಾಳಿ ಹಿತ್ತಲಿಗೂ ಬರುತ್ತದೆ. ನನ್ನ ಮೊದಲ 4 ಕಸಿಗಳೂ ಹಾಗೇ ಹೋದವು, ತುಂಬಾ ಬೇಜಾರಾಗಿತ್ತು.

ಈಗ ಬೀಜದ ಸಸಿ ಪೆನ್ಸಿಲ್ ದಪ್ಪ ಆದಾಗ ತಲೆ ಕತ್ತರಿಸಿ, ನಡುವೆ ಸೀಳುತ್ತೇನೆ. ಹಣ್ಣು ಬಿಡುವ ಬೆಣ್ಣೆಹಣ್ಣಿನ ಮರದಿಂದ ತಂದ, ಅಷ್ಟೇ ದಪ್ಪದ, ಮೊಗ್ಗು ಉಬ್ಬಿದ ಕಡ್ಡಿಯ ಬುಡವನ್ನು ಬೆಣೆಯಂತೆ ಕೆತ್ತಿ ಕೂರಿಸುತ್ತೇನೆ. ಒಂದು ಪಕ್ಕದ ತೊಗಟೆಯಾದರೂ ಸರಿಯಾಗಿ ಸೇರಲೇಬೇಕು. ಇದೇ ಮುಖ್ಯ, ಇಲ್ಲಿ ಅವಸರ ಬೇಡ. ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಕಡ್ಡಿಗೆ ಐಸ್‌ಕ್ಯಾಂಡಿ ಕವರ್ ತೊಡಿಸಿ, ಗಾಳಿ ತಾಗದ ನೆರಳಲ್ಲಿಡಿ. ಒಳಗಿನ ತೇವ ಆರುವುದಿಲ್ಲ. ಚಿಗುರು ಒಡೆದ ಮೇಲೆ ಕವರ್ ತೆಗೆಯಿರಿ, ಕಸಿಯ ಕೆಳಗೆ ಬರುವ ಚಿಗುರನ್ನು ಚಿವುಟುತ್ತಿರಿ. ನೀರು ಮಾತ್ರ ಜಾಸ್ತಿ ನಿಲ್ಲಿಸಬೇಡಿ, ಬೇರು ಕೊಳೆಯುತ್ತದೆ.