ಹಳೇ ಬಲೆನೊಗೆ ಫ್ಯೂಯೆಲ್ ಪ್ರೆಶರ್ ಗೇಜ್ ಹಾಕಿದ್ದು

"ಏರ್-ಫ್ಯೂಯೆಲ್ ಮೀಟರ್ ಇದೆಯಲ್ಲ, ಇನ್ನೊಂದು ಗೇಜ್ ಯಾಕೆ? ಸುಮ್ನೆ ಶೋಕಿ" ಅಂತ ಗ್ಯಾರೇಜಿನಲ್ಲಿ ಎಲ್ಲರೂ ನಕ್ಕರು. ಗಾಡಿ ಹಳೇ ಬಲೆನೊ ಸೆಡಾನ್, 1.6 ಎಂಜಿನ್. ಶಕ್ತಿ ಹೆಚ್ಚಿಸುವ ಕ್ಯಾಮ್, ಹೆಡರ್, ಪಿಗ್ಗಿಬ್ಯಾಕ್ (ಕಂಪನಿಯ ಇಸಿಯು ಜೊತೆ ಕೂರಿಸುವ ಟ್ಯೂನಿಂಗ್ ಡಬ್ಬಿ), ಗಂಟೆಗೆ 255 ಲೀಟರ್‌ನ ಪೆಟ್ರೋಲ್ ಪಂಪ್ ಎಲ್ಲ ಆಗಿತ್ತು. 5,000 ಆರ್‌ಪಿಎಂ ದಾಟಿದರೆ ಲೀನ್, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ಮೀಟರ್ ಲೀನ್ ಅಂತ ತೋರಿಸುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಟ್ಯೂನ್ ಮಾಡುವವರು ಪ್ರತಿ ಸಲ ಮ್ಯಾಪ್‌ನಲ್ಲಿ (ಯಾವಾಗ ಎಷ್ಟು ಪೆಟ್ರೋಲ್ ಬಿಡಬೇಕು ಅನ್ನುವ ಪಟ್ಟಿ) ಪೆಟ್ರೋಲ್ ಏರಿಸಿ ದುಡ್ಡು ತೆಗೆದುಕೊಳ್ಳುತ್ತಿದ್ದರು. ಬಿಸಿಲು ಜಾಸ್ತಿಯಾದರೆ ಮತ್ತೆ ಅದೇ ಕಥೆ.

ಒಂದು ಅಂಗಡಿಯಲ್ಲಿ ಗೇಜ್ ಕಿಟ್ ಹಾಕಿಕೊಡಲು ಹದಿನೆಂಟು ಸಾವಿರ ಕೇಳಿದರು. ನನಗೆ ಒಟ್ಟು ಆರು ಸಾವಿರದ ಆಸುಪಾಸು ಆಯಿತು. ಅದರಲ್ಲಿ ಎರಡು ಸಾವಿರ ಕಸಕ್ಕೆ ಹೋಯಿತು, ಅದನ್ನೂ ಹೇಳುತ್ತೇನೆ.

ಮೊದಲು ಕಸಕ್ಕೆ ಹೋದದ್ದು ಆನ್‌ಲೈನ್‌ನಲ್ಲಿ ತರಿಸಿದ ಅಲ್ಯೂಮಿನಿಯಂ ಟೀ (ಪೈಪ್‌ನಿಂದ ಕವಲು ತೆಗೆಯುವ T ಆಕಾರದ ಫಿಟ್ಟಿಂಗ್). ಒಳಗಿನ ಓ-ರಿಂಗ್ (ರಬ್ಬರ್ ಸೀಲ್) ಈಗಿನ ಎಥನಾಲ್ ಬೆರೆತ ಇ20 ಪೆಟ್ರೋಲ್‌ಗೆ ತಡೆಯಲಿಲ್ಲ. ತಿಂಗಳೊಳಗೆ ಊದಿಕೊಂಡು ಮೆತ್ತಗಾಯಿತು, ಬಾನೆಟ್ ತೆಗೆದರೆ ವಾಸನೆ. ಎರಡನೆಯದು, ಗ್ಲಿಸರಿನ್ ತುಂಬಿದ ಮೆಕ್ಯಾನಿಕಲ್ ಗೇಜನ್ನು ನೇರ ಟೀ ಮೇಲೆ ಕೂರಿಸಿದ್ದು. ಎಂಜಿನ್ ನಡುಕಕ್ಕೆ ಅದರ ಭಾರ ತಡೆಯದೆ ಹಿತ್ತಾಳೆ ಕತ್ತಿನಲ್ಲಿ ಬಿರುಕು ಬಂತು. "ನೋಡಿದ್ಯಾ, ಟೀ ಹಾಕಬೇಡ ಅಂದಿದ್ದೆವು" ಅಂದರು. ಟೀ ಅಲ್ಲ ತಪ್ಪು, ಅದರ ತಲೆ ಮೇಲಿನ ಭಾರ ತಪ್ಪು.

ಅದಕ್ಕೇ ಸೆನ್ಸರ್ ಇರುವ ಎಲೆಕ್ಟ್ರಿಕ್ ಗೇಜಿಗೆ ಹೋಗಿ, ಸೆನ್ಸರನ್ನು ಎಂಜಿನ್‌ನಿಂದಲೇ ಇಳಿಸಿದೆ. ಫ್ಯೂಯೆಲ್ ರೈಲಿಗೆ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್) ಬರುವ ಫೀಡ್ ಹೋಸ್‌ನಲ್ಲಿ ಹಿತ್ತಾಳೆ ಟೀ, ಅದರಿಂದ ಒಂದು ಅಡಿಯಷ್ಟು ಬ್ರೇಡೆಡ್ ಹೋಸ್, ತುದಿಯ ಸೆನ್ಸರ್ ಬಾಡಿಗೆ ಬಿಗಿದ ಬ್ರಾಕೆಟ್‌ನಲ್ಲಿ. ಡ್ಯಾಶ್‌ಬೋರ್ಡಿಗೆ ಹೋಗುವುದು ಬರೀ ವೈರ್. ಕ್ಯಾಬಿನ್ ಒಳಗೆ ಪೆಟ್ರೋಲ್ ಪೈಪ್ ಎಳೆದವರನ್ನು ನೋಡಿದ್ದೇನೆ, ಅವರ ಗಾಡಿಯಲ್ಲಿ ನಾನು ಕೂರುವುದಿಲ್ಲ.

ತಲೆ ತಿಂದದ್ದು ಥ್ರೆಡ್. ಸೆನ್ಸರ್ 1/8 ಎನ್‌ಪಿಟಿ (ಅಮೆರಿಕದ ಪೈಪ್ ಥ್ರೆಡ್), ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಕ್ಕ ಫಿಟ್ಟಿಂಗ್ ಎಲ್ಲ 1/8 ಬಿಎಸ್‌ಪಿ (ಬ್ರಿಟಿಷ್ ಥ್ರೆಡ್). ಒಂದು ಇಂಚಿಗೆ 27 ಸುತ್ತು, ಇನ್ನೊಂದು 28. ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಕೂತ ಹಾಗೇ ಅನ್ನಿಸುತ್ತದೆ, ಆಮೇಲೆ ಸೋರುತ್ತದೆ. ಅಂಗಡಿಯವನು "ಟೇಪ್ ಸುತ್ತಿ ಸಾರ್, ಆಗುತ್ತೆ" ಅಂದ. ನಲ್ಲಿಗೆ ಆಗಬಹುದು. ಟೆಫ್ಲಾನ್ ಚೂರು ಇಂಜೆಕ್ಟರ್‌ಗೆ ಹೋದರೆ ಅದರ ಖರ್ಚು ಅವನು ಕೊಡುತ್ತಾನಾ? ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಅಡಾಪ್ಟರ್ ತಿರುಗಿಸಿಕೊಂಡೆ, ಪೆಟ್ರೋಲ್ ತಡೆಯುವ ಲಿಕ್ವಿಡ್ ಸೀಲೆಂಟ್ ಹಚ್ಚಿದೆ. ಅಂಗಡಿ ಯಾವುದು ಅಂತ ಕೇಳಬೇಡಿ, ಈಗಲೇ ಅಲ್ಲಿ ಸಾಲು ಉದ್ದ ಇದೆ.

ಸೆನ್ಸರ್ ಮೂರು ವೈರ್‌ನದು, 0.5ರಿಂದ 4.5 ವೋಲ್ಟ್, 100 ಪಿಎಸ್‌ಐ (ಸುಮಾರು 6.9 ಬಾರ್) ವರೆಗಿನದು. 150ರದ್ದು ತೆಗೆದುಕೊಳ್ಳಬೇಡಿ, ನಮ್ಮ ಕೆಲಸ 3 ಬಾರ್ ಒಳಗೇ ಮುಗಿಯುತ್ತದೆ. 3 ಬಾರ್‌ಗೆ ಸುಮಾರು 2.24 ವೋಲ್ಟ್ ಬರಬೇಕು. ಮಲ್ಟಿಮೀಟರ್ ಹಿಡಿದರೆ ಗೇಜ್ ಸುಳ್ಳು ಹೇಳುತ್ತಿದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ. ಒಂಟಿ ವೈರ್ ಸೆಂಡರ್ ಆದರೆ ಬಾಡಿ ಅರ್ತ್ ಬೇಕು. ರಬ್ಬರ್ ಹೋಸ್ ತುದಿಯಲ್ಲಿ ತೂಗಿಬಿಟ್ಟರೆ ಅದಕ್ಕೆ ಅರ್ತ್ ಎಲ್ಲಿಂದ ಬರಬೇಕು?

ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಮುಳ್ಳು ಗಡಗಡ ನಡುಗುತ್ತಿತ್ತು. ಹೋಸ್ ಬಾಯಿಗೆ ಒಂದು ಸಣ್ಣ ವಸ್ತು ಸೇರಿಸಿದೆ, ನಿಂತಿತು. ಏನದು ಅಂತ ಈಗ ಬೇಡ.

ಓದಿಕೆಗೆ ಬರೋಣ. ಐಡಲ್ 2.4 ಬಾರ್, ರೆಗ್ಯುಲೇಟರ್‌ನ (ಪ್ರೆಶರ್ ಹಿಡಿತದಲ್ಲಿಡುವ ಭಾಗ) ವ್ಯಾಕ್ಯೂಮ್ ಪೈಪ್ ಕಿತ್ತರೆ 3. ಸರಿಯಾಗೇ ಇದೆ. ಫುಲ್ ಥ್ರಾಟಲ್‌ನಲ್ಲಿ ವ್ಯಾಕ್ಯೂಮ್ ಇರುವುದಿಲ್ಲ, 3 ಇರಬೇಕು. ಆದರೆ ಮೂರನೇ ಗೇರ್, 5,500ರ ಹತ್ತಿರ ಮುಳ್ಳು ಮೆಲ್ಲಗೆ 2.2ಕ್ಕೆ ಇಳಿಯಿತು. ಲೆಕ್ಕ ಹಾಕಿ: ಇಂಜೆಕ್ಟರ್ ಬಿಡುವ ಪೆಟ್ರೋಲ್ ಪ್ರೆಶರ್‌ನ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತದೆ. ಅಂದರೆ ನೂರಕ್ಕೆ ಹದಿನಾಲ್ಕು ಕಡಿಮೆ. ಇಷ್ಟು ದಿನ ಮ್ಯಾಪ್‌ನಲ್ಲಿ ಮುಚ್ಚುತ್ತಿದ್ದದ್ದು ಇದನ್ನೇ.

ಪಂಪ್ ಸತ್ತಿದೆ, ಬದಲಿಸು ಅಂದರು. ಬದಲಿಸಲಿಲ್ಲ. ಪಂಪ್ ಕನೆಕ್ಟರ್‌ಗೆ ಮೀಟರ್ ಹಾಕಿ ಓಡಿಸಿದೆ. ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದಾಗ ಪಂಪ್‌ಗೆ ಹನ್ನೊಂದೂವರೆ ಮಾತ್ರ. ದೊಡ್ಡ ಪಂಪ್, ಕಂಪನಿಯ ಹಳೇ ಸಣ್ಣ ವೈರ್. ಬ್ಯಾಟರಿಯಿಂದ ಫ್ಯೂಸ್, ರಿಲೇ, ದಪ್ಪ ವೈರ್, ಪಂಪ್ ಪಕ್ಕದಲ್ಲೇ ಹೊಸ ಅರ್ತ್. ಐನೂರು ಆರುನೂರು ರೂಪಾಯಿ ಕೆಲಸ. ಈಗ 6,500ರವರೆಗೂ 3 ಬಾರ್ ಅಲ್ಲಾಡುವುದಿಲ್ಲ. ನಕ್ಕವರಲ್ಲಿ ಇಬ್ಬರು ಟೀ ಅಳತೆ ಕೇಳಿಕೊಂಡು ಹೋದರು.

ಆದರೆ ಪಂಪ್ ಪೂರ್ತಿ ಬಲದಲ್ಲಿ ತಿರುಗಲು ಶುರುವಾದ ಮೇಲೆ ಐಡಲ್ 2.7ಕ್ಕೆ ಏರಿತು. ರಿಟರ್ನ್ ದಾರಿ ಕಿರಿದು, ವಾಪಸ್ ಹೋಗಬೇಕಾದ ಪೆಟ್ರೋಲ್ ಅಲ್ಲಿ ಹಿಡಿಸುತ್ತಿಲ್ಲ. ಅಡ್ಜಸ್ಟಬಲ್ ರೆಗ್ಯುಲೇಟರ್ ತಂದು ನೋಡಿದೆ, ಅದರಿಂದಲೂ ಇಳಿಯಲಿಲ್ಲ, ಯಾಕೆಂದರೆ ಅಡಚಣೆ ಅದರಾಚೆ ಇದೆ. ಸದ್ಯಕ್ಕೆ ಐಡಲ್‌ಗೆ ಬಿಡುವ ಪೆಟ್ರೋಲನ್ನು ಮ್ಯಾಪ್‌ನಲ್ಲೇ ಕಡಿಮೆ ಮಾಡಿಕೊಂಡಿದ್ದೇನೆ.

ಈಗ ಇನ್ನೊಂದು ಹುಳ ಹೊಕ್ಕಿದೆ. ಎಂಜಿನ್ ಆಫ್ ಮಾಡಿದ ಮೇಲೆ 2 ಬಾರ್ ಸ್ವಲ್ಪ ಹೊತ್ತಾದರೂ ನಿಲ್ಲಬೇಕು. ನನ್ನದು ಹತ್ತು ನಿಮಿಷದೊಳಗೆ ಸೊನ್ನೆ, ಬಿಸಿಯಲ್ಲಿ ಸ್ಟಾರ್ಟ್ ಮಾಡಲು ಎರಡು ಸಲ ಸೆಲ್ಫ್ ಹೊಡೆಯಬೇಕು. ಟೀಗಿಂತ ಹಿಂದೆ ಫೀಡ್ ಹೋಸ್ ಒತ್ತಿ ಹಿಡಿದರೂ ಬೀಳುತ್ತದೆ, ಅಂದರೆ ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯುವ ಪಂಪ್‌ನ ಚೆಕ್ ವಾಲ್ವ್ ಅಲ್ಲ. ಭಾನುವಾರ ರಿಟರ್ನ್ ಹೋಸ್ ಒತ್ತಿ ನೋಡುತ್ತೇನೆ. ಆಗಲೂ ಬಿದ್ದರೆ ಇಂಜೆಕ್ಟರ್ ಬಿಚ್ಚುವುದೇ.