24 ಗಂಟೆಯ ಕಾಲುವೆ ಸವಾಲಿಗೆ ನಾವು ಸಿದ್ಧವಾದದ್ದು ಹೀಗೆ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮತ್ತು ಅದರ ಪಕ್ಕದ ಊರುಗಳಲ್ಲಿ ದೋಣಿ ಓಡಾಡುವ ಕಾಲುವೆ ಈಗಲೂ ಸುಮಾರು 100 ಮೈಲಿ ಇದೆ. ಕಲ್ಲಿದ್ದಲಿನ ಕಾಲದಲ್ಲಿ 160 ಮೈಲಿ ಇತ್ತಂತೆ. ಎಲ್ಲ ಸೇರಿಸಿ ಬರ್ಮಿಂಗ್‌ಹ್ಯಾಮ್ ಕೆನಾಲ್ ನ್ಯಾವಿಗೇಷನ್ಸ್ ಅನ್ನುತ್ತಾರೆ, ಚಿಕ್ಕದಾಗಿ ಬಿಸಿಎನ್. ಊರಿನ ನಡುವಿನ ಗ್ಯಾಸ್ ಸ್ಟ್ರೀಟ್ ಬೇಸಿನ್‌ಗೆ ಪ್ರವಾಸಿಗರೆಲ್ಲ ಬರುತ್ತಾರೆ. ಉಳಿದ ಎಷ್ಟೋ ಕಾಲುವೆಗಳಲ್ಲಿ ವಾರಗಟ್ಟಲೆ ಒಂದು ದೋಣಿಯೂ ಹೋಗುವುದಿಲ್ಲ. ದೋಣಿ ಹೋಗದ ಕಾಲುವೆಯಲ್ಲಿ ಹೂಳು ತುಂಬುತ್ತದೆ, ಜೊಂಡು ಬೆಳೆಯುತ್ತದೆ, ಕೊನೆಗೆ ಅದನ್ನು ಮುಚ್ಚಿಬಿಡಿ ಅನ್ನುವ ಮಾತು ಬರುತ್ತದೆ. ಹಾಗಾಗಬಾರದು ಅಂತಲೇ ಬಿಸಿಎನ್ ಸೊಸೈಟಿಯವರು ಈ ಸವಾಲು ನಡೆಸುತ್ತಾರೆ. ಶನಿವಾರ ಬೆಳಗ್ಗೆ 8ರಿಂದ ಭಾನುವಾರ ಮಧ್ಯಾಹ್ನ 2ರವರೆಗೆ 30 ಗಂಟೆ ಇರುತ್ತದೆ. ಅದರಲ್ಲಿ ಗರಿಷ್ಠ 24 ಗಂಟೆ ದೋಣಿ ನಡೆಸಬಹುದು. ಮೈಲಿಗೆ ಅಂಕ, ಲಾಕ್‌ಗೆ ಅಂಕ. ಲಾಕ್ ಅಂದರೆ ನೀರು ತುಂಬಿಸಿ ಇಲ್ಲವೇ ಇಳಿಸಿ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ, ಎರಡೂ ತುದಿಗೆ ಬಾಗಿಲಿರುವ ತೊಟ್ಟಿ. ಯಾರೂ ಹೋಗದ ಕಾಲುವೆಗೆ ಹೋದರೆ ಜಾಸ್ತಿ ಅಂಕ.

ನಾನಿರುವುದು ಓಲ್ಡ್‌ಬರಿಯಲ್ಲಿ. ಸಂಜೆ ಕಾಲುವೆ ದಂಡೆ ಮೇಲೆ ನಡೆಯುತ್ತಾ ದೋಣಿಯವರ ಪರಿಚಯವಾಯಿತು. ಹಾಗೇ ಒಬ್ಬ ನಿವೃತ್ತ ಮೇಷ್ಟ್ರ ಸ್ನೇಹ ಆಯಿತು. ಅವರ ಹತ್ತಿರ 57 ಅಡಿ ಉದ್ದದ ಸ್ವಂತ ನ್ಯಾರೋಬೋಟ್, ಅಂದರೆ ಈ ಕಾಲುವೆಗಳಲ್ಲಿ ಓಡಾಡುವ ಕಿರಿದಾದ ದೋಣಿ, ಇದೆ. ಈ ಸವಾಲಿಗೆ ಸ್ವಂತ ದೋಣಿ ಇರುವವರ ಜೊತೆ ಸೇರುವುದೇ ಸರಿ. ಬಾಡಿಗೆ ದೋಣಿ ಕೊಡುವವರು ಸಾಮಾನ್ಯವಾಗಿ ಕತ್ತಲಾದ ಮೇಲೆ ನಡೆಸಲು ಬಿಡುವುದಿಲ್ಲ. ಮೇಷ್ಟ್ರು, ನಾನು, ನನ್ನ ಹೆಂಡತಿ, ಇಲ್ಲೇ ಓದುತ್ತಿರುವ ಅಕ್ಕನ ಮಗ, ಹೀಗೆ ನಾಲ್ಕು ಜನ ಸೇರಿದೆವು. ಇಬ್ಬರಿಂದ ಆಗದ ಕೆಲಸ ಇದು. ಆರು ಜನರಾದರೆ ಮಲಗಲು ಜಾಗ ಸಾಲದು.

ಚಳಿಗಾಲದಲ್ಲೇ ನಕ್ಷೆ ಹರಡಿಕೊಂಡು ಕೂತೆವು. ನನ್ನ ಮಟ್ಟಿಗೆ ಇಡೀ ಸವಾಲು ಅಲ್ಲೇ ಇದೆ. ಟಿಲ್ಲರ್, ಅಂದರೆ ಚುಕ್ಕಾಣಿಯ ಹಿಡಿ, ಹಿಡಿಯುವುದನ್ನು ಯಾರು ಬೇಕಾದರೂ ಕೆಲವು ವಾರಾಂತ್ಯಗಳಲ್ಲಿ ಕಲಿಯಬಹುದು. ಯಾವ ಜಾಗವನ್ನು ಯಾವ ಹೊತ್ತಿಗೆ ದಾಟಬೇಕು ಅನ್ನುವ ಲೆಕ್ಕ ಸರಿಯಿಲ್ಲದಿದ್ದರೆ ಎಷ್ಟು ಚೆನ್ನಾಗಿ ನಡೆಸಿದರೂ ಪ್ರಯೋಜನವಿಲ್ಲ.

ಮೊದಲು ನೀರಿನ ಮಟ್ಟ ಅರ್ಥ ಮಾಡಿಕೊಳ್ಳಬೇಕು. ನಾನು ಮಂಡ್ಯ ಕಡೆಯವನು. ವಿಸಿ ನಾಲೆಯಲ್ಲಿ ನೀರು ಬಿಟ್ಟರೆ ಅದು ಗದ್ದೆ ಕಡೆಗೆ ಹರಿದು ಹೋಗುತ್ತದೆ. ಇಲ್ಲಿನ ಕಾಲುವೆಯಲ್ಲಿ ನೀರು ನಿಂತೇ ಇರುತ್ತದೆ, ಮೆಟ್ಟಿಲು ಮೆಟ್ಟಿಲಾಗಿ. ಬಿಸಿಎನ್‌ನಲ್ಲಿ ದೊಡ್ಡ ಮೆಟ್ಟಿಲು ಮೂರು. ಸಮುದ್ರ ಮಟ್ಟದಿಂದ 473 ಅಡಿಯದು ವುಲ್ವರ್‌ಹ್ಯಾಂಪ್ಟನ್ ಮಟ್ಟ, 453 ಅಡಿಯದು ಬರ್ಮಿಂಗ್‌ಹ್ಯಾಮ್ ಮಟ್ಟ, 408 ಅಡಿಯದು ವಾಲ್ಸಾಲ್ ಮಟ್ಟ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಲಾಕ್ ದಾಟಲೇಬೇಕು. ಒಂದು ಸಲ ದೋಣಿ ಇಳಿದರೆ ಒಂದು ಲಕ್ಷ ಲೀಟರ್‌ಗೂ ಹೆಚ್ಚು ನೀರು ಮೇಲಿಂದ ಕೆಳಗೆ ಹೋಗುತ್ತದೆ. ಅದಕ್ಕೇ ಪ್ಯಾಡಲ್, ಅಂದರೆ ಲಾಕ್‌ಗೆ ನೀರು ಬಿಡುವ ಕಿಂಡಿಯ ಹಲಗೆ, ಪೂರ್ತಿ ಮುಚ್ಚಿದೆಯಾ ಅಂತ ಎರಡೆರಡು ಸಲ ನೋಡುವುದನ್ನು ರೂಢಿ ಮಾಡಿಕೊಂಡೆವು.

ಹೊತ್ತಿನ ಲೆಕ್ಕಕ್ಕೆ ದೋಣಿಯವರ ಹತ್ತಿರ ಒಂದು ಹಳೆಯ ಸೂತ್ರವಿದೆ. ಮೈಲಿಗಳನ್ನೂ ಲಾಕ್‌ಗಳನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ಎಷ್ಟು ಗಂಟೆ ಅಂತ ಬರುತ್ತದೆ. ಕಾಲುವೆಯ ವೇಗಮಿತಿ ಗಂಟೆಗೆ 4 ಮೈಲಿ. ಆದರೆ ಬಿಸಿಎನ್‌ನ ಹೂಳು ತುಂಬಿದ ಕಡೆ ಎರಡೂವರೆ ಸಿಕ್ಕಿದರೆ ಅದೇ ಜಾಸ್ತಿ. ಆಳ ಇಲ್ಲದ ಕಡೆ ಆಕ್ಸಿಲರೇಟರ್ ಕೊಟ್ಟಷ್ಟೂ ದೋಣಿಯ ಹಿಂಭಾಗ ತಳಕ್ಕೆ ಕೂರುತ್ತದೆ, ವೇಗ ಇನ್ನೂ ಕಡಿಮೆಯಾಗುತ್ತದೆ. ನಿಧಾನ ಮಾಡಿದರೆ ದೋಣಿ ಮೇಲೆದ್ದು ಮುಂದೆ ಹೋಗುತ್ತದೆ. ಇದನ್ನು ಕೈಯಲ್ಲಿ ಅನುಭವಿಸಿ ಕಲಿಯಬೇಕು, ಓದಿದರೆ ಬರುವುದಿಲ್ಲ.

ಮೈಲಿ ಬೇಕೋ ಲಾಕ್ ಬೇಕೋ ಅನ್ನುವುದು ಪ್ರತಿ ತಂಡದ ದೊಡ್ಡ ಪ್ರಶ್ನೆ. ವೈರ್ಲಿ ಅಂಡ್ ಎಸಿಂಗ್ಟನ್ ಕಾಲುವೆ ತೆಗೆದುಕೊಳ್ಳಿ. ವುಲ್ವರ್‌ಹ್ಯಾಂಪ್ಟನ್‌ನಿಂದ ಓಗ್ಲಿವರೆಗೆ ಸುಮಾರು 16 ಮೈಲಿ, ಒಂದೂ ಲಾಕ್ ಇಲ್ಲ. ಗುಡ್ಡ ಸುತ್ತಿಕೊಂಡು ಹಾವಿನ ಹಾಗೆ ಹೋಗುವುದರಿಂದ ಇಲ್ಲಿಯವರು ಅದನ್ನು ಕರ್ಲಿ ವೈರ್ಲಿ ಅನ್ನುತ್ತಾರೆ. ರಾತ್ರಿಯೆಲ್ಲ ಅದರಲ್ಲೇ ಹೋದರೆ ಮೈಲಿ ಸೇರುತ್ತದೆ, ದಂಡೆಗಿಳಿಯುವ ಕೆಲಸವಿಲ್ಲ. ಟೇಮ್ ವ್ಯಾಲಿ ಕಾಲುವೆ ಬೇರೆ ಥರ. 1844ರಲ್ಲಿ ತೆರೆದದ್ದು, ನೇರ, ಆಳವಾಗಿ ಕಡಿದದ್ದು. ಅದರಲ್ಲಿ ಪೆರಿ ಬಾರ್‌ನ 13 ಲಾಕ್ ಇಳಿದರೆ ಸ್ಪಗೆಟಿ ಜಂಕ್ಷನ್ ಮೇಲ್ಸೇತುವೆಗಳ ಕೆಳಗೆ ಬರುತ್ತೀರಿ. ಅಕ್ಕನ ಮಗನಿಗೆ ಅಲ್ಲಿಗೆ ಹೋಗಲೇಬೇಕು ಅಂತ ಆಸೆ. "ಮಾವ, ಮೋಟಾರ್‌ವೇ ಕೆಳಗೆ ದೋಣಿ ಓಡಿಸೋದು ಇನ್ನೆಲ್ಲಿ ಸಿಗುತ್ತೆ?" ಅಂತ ವಾದ ಮಾಡಿದ. ಟಿಟ್‌ಫರ್ಡ್‌ನಲ್ಲೂ ಮೋಟಾರ್‌ವೇ ಇದೆ ಕಣೋ ಅಂತ ತೋರಿಸಿ ಒಪ್ಪಿಸಿದೆ.

ಕೊನೆಗೆ ಗಟ್ಟಿಯಾದ ದಾರಿ ಇದು. ಶನಿವಾರ ಬೆಳಗ್ಗೆ ಟಿಟ್‌ಫರ್ಡ್ ಪೂಲ್ಸ್‌ನಿಂದ ಹೊರಡುವುದು. ಬಿಸಿಎನ್‌ನಲ್ಲಿ ಎಲ್ಲಕ್ಕಿಂತ ಎತ್ತರದ ನೀರು ಅದು, 511 ಅಡಿ. ಎಂ5 ಮೋಟಾರ್‌ವೇ ನೆತ್ತಿಯ ಮೇಲೆಯೇ ಹೋಗುತ್ತದೆ. ಅಲ್ಲಿಂದ ಆರು ಲಾಕ್ ಇಳಿದರೆ ಓಲ್ಡ್‌ಬರಿ. ಮುಂದೆ ಬ್ರೇಡ್ಸ್‌ನ ಮೂರು ಲಾಕ್ ಇಳಿದು ಬರ್ಮಿಂಗ್‌ಹ್ಯಾಮ್ ಮಟ್ಟ ಸೇರುವುದು. ಆಮೇಲೆ ನೆದರ್ಟನ್ ಸುರಂಗ ದಾಟಿ ಡಡ್ಲಿ ನಂಬರ್ 2 ಕಾಲುವೆಯ ತುದಿಯ ಹಾನ್ ಬೇಸಿನ್. ಹಿಂದಕ್ಕೆ ಬಂದು ಬ್ಲೋವರ್ಸ್ ಗ್ರೀನ್ ಲಾಕ್ ಇಳಿದು ಮೆರಿ ಹಿಲ್‌ವರೆಗೆ ಹೋಗಿ ಬರುವುದು. ಕತ್ತಲಾಗುವ ಹೊತ್ತಿಗೆ ಮತ್ತೆ ಸುರಂಗ.

ವಾಪಸು ಬರುವಾಗಿನ ಸುರಂಗವನ್ನು ಬೇಕಂತಲೇ ಕತ್ತಲಿಗೆ ಇಟ್ಟೆವು. ಒಳಗೆ ಹಗಲೂ ಒಂದೇ, ರಾತ್ರಿಯೂ ಒಂದೇ. ಹಾಗಿರುವಾಗ ಬೆಳಕಿನ ಹೊತ್ತನ್ನು ಅಲ್ಲಿ ಯಾಕೆ ಕಳೆಯಬೇಕು, ಅಲ್ವಾ? 1858ರಲ್ಲಿ ತೆರೆದ ನೆದರ್ಟನ್ ಸುರಂಗ 3,027 ಗಜ ಉದ್ದ. ಎರಡೂ ಬದಿ ನಡೆದಾಡುವ ದಾರಿ ಇದೆ, ಎದುರಿನಿಂದ ದೋಣಿ ಬಂದರೂ ತೊಂದರೆ ಇಲ್ಲ. ಪಕ್ಕದ ಹಳೆಯ ಡಡ್ಲಿ ಸುರಂಗಕ್ಕೆ ಡೀಸೆಲ್ ಎಂಜಿನ್ ದೋಣಿ ಬಿಡುವುದಿಲ್ಲ, ಆದ್ದರಿಂದ ಆ ಯೋಚನೆ ಮೊದಲೇ ಕೈಬಿಟ್ಟೆವು. ಹಾನ್ ದಾರಿಯಲ್ಲಿ ಗಾಸ್ಟಿ ಹಿಲ್ ಸುರಂಗವೂ ಇದೆ. ಅದು ಚಿಕ್ಕದು, ಆದರೆ ಬಹಳ ಇಕ್ಕಟ್ಟು, ಮಾಡು ತಗ್ಗು. ಹೋಗುವ ಮೊದಲು ದೋಣಿಯ ಮೇಲಿನ ಕುಂಡ, ಸೈಕಲ್ಲು, ಚಿಮಣಿ ಎಲ್ಲ ತೆಗೆದಿಡಬೇಕು.

ಇನ್ನು ನಿದ್ದೆಯ ಲೆಕ್ಕ. 30ರಲ್ಲಿ 24 ಕಳೆದರೆ 6 ಗಂಟೆ ಉಳಿಯುತ್ತದೆ. ಆ ಆರು ಗಂಟೆ ಎಲ್ಲಿ ನಿಲ್ಲಬೇಕು? ಮೇ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ರಾತ್ರಿ 9 ಕಾಲಕ್ಕೆ. ಬೆಳಗ್ಗೆ 5ರ ಹೊತ್ತಿಗೆ ಮತ್ತೆ ಬೆಳಕು. ಮುಂದಿನ ಪಾಲು ಸುಲಭದ್ದಲ್ಲ. ರೈಡರ್ಸ್ ಗ್ರೀನ್‌ನ ಎಂಟು ಲಾಕ್ ಇಳಿದು ವಾಲ್ಸಾಲ್ ಕಾಲುವೆ ಸೇರಬೇಕು, ಅದರಲ್ಲಿ ಕಸ ಜಾಸ್ತಿ. ಕಸ ಇರುವ ಕಡೆ ಕಣ್ಣಿಗೆ ಬೆಳಕು ಬೇಕೇ ಬೇಕು. ಅದಕ್ಕೇ ರಾತ್ರಿ 11ರಿಂದ ನಸುಕಿನವರೆಗೆ ಆ ಲಾಕ್‌ಗಳ ಮೇಲ್ಗಡೆ ನಿಂತು ಎಲ್ಲರೂ ಮಲಗುವುದು, ಬೆಳಕು ಹರಿಯುತ್ತಿದ್ದಂತೆ ಇಳಿಯುವುದು ಅಂತ ಮಾಡಿದೆವು. ಕೆಲವು ತಂಡಗಳು ಸರದಿಯಲ್ಲಿ ಮಲಗಿ ರಾತ್ರಿಯಿಡೀ ಹೋಗುತ್ತವೆ. ನಾಲ್ಕೇ ಜನ ಇರುವ ತಂಡಕ್ಕೆ ಅದು ಸರಿಯಲ್ಲ ಅಂತ ನನಗೆ ಖಚಿತವಾಗಿ ಅನ್ನಿಸಿತು. ಲಾಕ್ ಬದಿಯಲ್ಲಿ ನಿದ್ದೆಗಣ್ಣಲ್ಲಿ ಓಡಾಡುವುದು ಅಪಾಯ.

ಆ ಕಸದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಊರೊಳಗಿನ ಕಾಲುವೆಯಲ್ಲಿ ದೋಣಿ ನಿಂತುಹೋಗುವುದು ಎಂಜಿನ್ನಿನ ತೊಂದರೆಗಿಂತ ಹೆಚ್ಚಾಗಿ ಪ್ರೊಪೆಲರ್‌ಗೆ ಸುತ್ತಿಕೊಂಡ ವಸ್ತುವಿನಿಂದ. ಪ್ಲಾಸ್ಟಿಕ್ ಚೀಲ, ಹಾಸಿಗೆಯ ತಂತಿ, ಹಗ್ಗ, ಕಾರ್ಪೆಟ್ ತುಂಡು. ಸೀರೆ ಕೂಡ. ಸೀರೆ ಸುತ್ತಿಕೊಂಡ ಕಥೆ ಇಲ್ಲಿನ ಹಳೆಯ ದೋಣಿಯವರೆಲ್ಲರ ಹತ್ತಿರ ಇದೆ. ಅಭ್ಯಾಸಕ್ಕೆ ಹೋದಾಗ ನಮಗೂ ಒಂದು ಸಿಕ್ಕಿತು. ಐದೂವರೆ ಮೀಟರ್ ಪಾಲಿಯೆಸ್ಟರ್ ಪ್ರೊಪೆಲರ್‌ಗೆ ಬಿಗಿದರೆ ಹಗ್ಗಕ್ಕಿಂತ ಗಟ್ಟಿ. ನೀರ ಮೇಲೆ ತೆಂಗಿನಕಾಯಿಯೂ ತೇಲುತ್ತಿರುತ್ತದೆ. ಪೂಜೆ ಮಾಡಿ ಹರಿಯುವ ನೀರಿಗೆ ಬಿಡಬೇಕು ಅಂತ ನಮ್ಮವರೇ ತಂದು ಬಿಡುವುದು. ಈ ನೀರು ಹರಿಯುವುದಿಲ್ಲ. ಹೂವು, ಬಟ್ಟೆ, ಕಾಯಿ ಎಲ್ಲ ಯಾವುದೋ ಲಾಕ್ ಬಾಗಿಲ ಹಿಂದೆ ಸೇರಿ ಕೊಳೆಯುತ್ತವೆ. ಇಲ್ಲಿರುವ ಕನ್ನಡದವರಲ್ಲಿ ನನ್ನ ಬೇಡಿಕೆ ಒಂದೇ: ದಯವಿಟ್ಟು ಹೂವು ಕಾಯಿಯನ್ನು ಮನೆಯ ತೋಟದ ಗೊಬ್ಬರದ ಗುಂಡಿಗೆ ಹಾಕಿ. ಅದೂ ಭೂಮಿ ತಾಯಿಗೇ ಸೇರುತ್ತದೆ.

ಪ್ರೊಪೆಲರ್ ಬಿಡಿಸುವುದನ್ನು ನಾವು ಬೇಕಂತಲೇ ಮತ್ತೆ ಮತ್ತೆ ಅಭ್ಯಾಸ ಮಾಡಿದೆವು. ಹೊಗೆ ಕಪ್ಪಾಯಿತು, ಟಿಲ್ಲರ್ ನಡುಗಿತು ಅಂದರೆ ಏನೋ ಸುತ್ತಿಕೊಂಡಿದೆ ಅಂತ ಅರ್ಥ. ಮೊದಲು ಗೇರ್ ನ್ಯೂಟ್ರಲ್‌ಗೆ ತಂದು, ಒಂದು ಕ್ಷಣ ರಿವರ್ಸ್ ಕೊಡಬೇಕು. ಎಲೆ, ಚೀಲ ಆಗಿದ್ದರೆ ಅಷ್ಟಕ್ಕೇ ಬಿಟ್ಟುಹೋಗುತ್ತದೆ. ಹೋಗದಿದ್ದರೆ ದಂಡೆಗೆ ಕಟ್ಟಿ, ಎಂಜಿನ್ ಆರಿಸಿ, ಕೀ ತೆಗೆದು ಬಿಡಿಸುವವರ ಜೇಬಿಗೇ ಹಾಕಬೇಕು. ಆಮೇಲೆ ವೀಡ್ ಹ್ಯಾಚ್, ಅಂದರೆ ಪ್ರೊಪೆಲರ್ ಮೇಲಿರುವ ಕಿಂಡಿಯ, ಮುಚ್ಚಳ ತೆಗೆದು ನೀರಿಗೆ ಕೈ ಹಾಕುವುದು. ಬ್ರೆಡ್ ಕೊಯ್ಯುವ ಹಲ್ಲಿನ ಚಾಕು, ತಂತಿಗೆ ಬೋಲ್ಟ್ ಕಟರ್, ಭುಜದವರೆಗಿನ ರಬ್ಬರ್ ಗ್ಲೌಸು, ತಲೆಗೆ ಕಟ್ಟುವ ಟಾರ್ಚು ಇಷ್ಟು ಒಂದೇ ಬಕೆಟ್‌ನಲ್ಲಿ ಯಾವಾಗಲೂ ಹ್ಯಾಚ್ ಪಕ್ಕದಲ್ಲಿರಬೇಕು. ಕೈಯಲ್ಲಿ ಗಾಯ ಇದ್ದವರು ಈ ಕೆಲಸ ಮಾಡಬಾರದು, ಇಲಿ ಜ್ವರದ ಭಯ ಇದೆ. ಮುಗಿದ ಮೇಲೆ ಮುಚ್ಚಳ ಬಿಗಿಯಾಗಿ ಕೂತಿದೆಯಾ ಅಂತ ಇನ್ನೊಬ್ಬರು ನೋಡಿ ಹೇಳಬೇಕು. ಅದು ಸಡಿಲ ಇದ್ದಾಗ ಎಂಜಿನ್ ಹಾಕಿದರೆ ನೀರು ಒಳನುಗ್ಗಿ ದೋಣಿಯೇ ಮುಳುಗಬಹುದು.

ಲಾಕ್ ಅಭ್ಯಾಸಕ್ಕೆ ಊರ ನಡುವಿನ ಫಾರ್ಮರ್ಸ್ ಬ್ರಿಡ್ಜ್‌ನ 13 ಲಾಕ್ ಒಳ್ಳೆಯ ಜಾಗ. ಕೆಲವಂತೂ ಕಟ್ಟಡಗಳ ಅಡಿಯಲ್ಲೇ ಇವೆ. ಅಲ್ಲಿ ನಮ್ಮ ಕೆಲಸ ಹಂಚಿಕೊಂಡೆವು. ಅಕ್ಕನ ಮಗ ಸೈಕಲ್‌ನಲ್ಲಿ ಮುಂದೆ ಹೋಗಿ ಮುಂದಿನ ಲಾಕ್ ತಯಾರು ಮಾಡುವುದು, ನನ್ನ ಹೆಂಡತಿ ಈಗಿರುವ ಲಾಕ್ ನೋಡಿಕೊಳ್ಳುವುದು, ನಾನು ಹಿಂದಿನದನ್ನು ಮುಚ್ಚಿ ಓಡಿ ಬರುವುದು. ಟಿಲ್ಲರ್ ಮೇಷ್ಟ್ರ ಕೈಯಲ್ಲಿ. ಇಳಿಯುವಾಗ ದೋಣಿಯ ಹಿಂಭಾಗ ಮೇಲಿನ ಬಾಗಿಲ ಕೆಳಗಿರುವ ಕಟ್ಟೆಯ ಮೇಲೆ ಕೂತರೆ ದೋಣಿ ಓರೆಯಾಗಿ ನೀರು ತುಂಬುತ್ತದೆ. ಗೋಡೆ ಮೇಲಿನ ಬಿಳಿ ಗುರುತಿಗಿಂತ ಮುಂದೆ ಇದ್ದೇವೆ ಅಂತ ಮೇಷ್ಟ್ರು ಕೈ ಎತ್ತುವವರೆಗೆ ಯಾರೂ ಪ್ಯಾಡಲ್ ಮುಟ್ಟಬಾರದು. ಈ ನಿಯಮ ಯಾರಿಗೂ ಸಡಿಲ ಇಲ್ಲ.

ಪ್ಯಾಡಲ್ ಎತ್ತಲು ವಿಂಡ್‌ಲಸ್ ಅನ್ನುವ ತಿರುಗಿಸುವ ಹಿಡಿ ಬೇಕು, ಕೈ ಜಾರಿ ನೀರಿಗೆ ಬೀಳುವುದು ಸಾಮಾನ್ಯ, ಆದ್ದರಿಂದ ತಲೆಗೊಂದಕ್ಕಿಂತ ಹೆಚ್ಚು ಇಟ್ಟುಕೊಂಡೆವು. ಇಲ್ಲಿನ ಬಹಳ ಲಾಕ್‌ಗಳಲ್ಲಿ ಪ್ಯಾಡಲ್‌ಗೆ ಬೀಗ ಇರುತ್ತದೆ, ಅದಕ್ಕೆ ಹ್ಯಾಂಡ್‌ಕಫ್ ಕೀ ಅನ್ನುವ ಬೇರೆಯೇ ಕೀ ಬೇಕು. ಕೆಬ್ ಅಂತ ಒಂದು ಸಾಮಾನು ಇದೆ, ಉದ್ದ ಹಿಡಿಯ ಕಬ್ಬಿಣದ ಕುಂಟೆ. ಬಾಗಿಲ ಹಿಂದೆ ಸಿಕ್ಕಿಕೊಂಡ ಕಸ ಎಳೆಯಲು ಅದಕ್ಕಿಂತ ಒಳ್ಳೆಯದು ಇಲ್ಲ. ಜೊತೆಗೆ ಉದ್ದನೆಯ ಗಳ, ಹೆಚ್ಚಿನ ಹಗ್ಗ, ಎಲ್ಲರಿಗೂ ಲೈಫ್ ಜಾಕೆಟ್. ಹೊರಡುವ ಹಿಂದಿನ ದಿನ ಡೀಸೆಲ್, ನೀರು ತುಂಬಿಸಿ, ಎಂಜಿನ್ ಆಯಿಲ್ ಮತ್ತು ಬೆಲ್ಟ್ ನೋಡಿ, ಹೆಡ್‌ಲೈಟ್ ಉರಿಸಿ ನೋಡಿದೆವು.

ಅಡುಗೆ ಹೆಂಡತಿಯ ಯೋಜನೆ. ದೋಣಿ ನಡೆಯುವಾಗ ಒಲೆ ಹಚ್ಚುವುದು ಟೀಗೆ ಮಾತ್ರ ಅಂತ ಅವಳು ಮೊದಲೇ ಹೇಳಿದಳು. ಚಪಾತಿ ರೋಲು, ಪುಳಿಯೋಗರೆ, ಮೊಸರನ್ನ. ಒಂದು ಕೈಯಲ್ಲಿ ತಿನ್ನುವಂಥದ್ದು ಬೇಕು, ಇನ್ನೊಂದು ಕೈ ಟಿಲ್ಲರ್ ಮೇಲಿರುತ್ತದೆ. ಪುಳಿಯೋಗರೆ ಮೇಷ್ಟ್ರಿಗೆ ಬಹಳ ಹಿಡಿಸಿತು.

ಭಾನುವಾರದ ಹೊತ್ತನ್ನು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಬೇಕು. ಮುಗಿಸುವ ಜಾಗಕ್ಕೆ 2 ಗಂಟೆಯೊಳಗೆ ಸೇರಲೇಬೇಕು. ನಮ್ಮ ವರ್ಷ ಅದು ವೈರ್ಲಿ ಕಡೆ ಇತ್ತು. ವಾಲ್ಸಾಲ್‌ನ ಎಂಟು ಲಾಕ್ ಹತ್ತಿ ಬರ್ಚಿಲ್ಸ್ ಜಂಕ್ಷನ್ ದಾಟಿದರೆ ಮುಂದೆ ಲಾಕ್ ಇಲ್ಲ, ಹೊತ್ತು ನಂಬಬಹುದು. ಅದಕ್ಕೆ ಮೊದಲು ವಾಲ್ಸಾಲ್ ಜಂಕ್ಷನ್‌ನಲ್ಲಿ ಟೌನ್ ಆರ್ಮ್ ಅಂತ ಚಿಕ್ಕ ಕವಲು ಇದೆ. ಅಲ್ಲಿಗೆ ಹೋಗಿ ತಿರುಗಿ ಬಂದರೆ ಸ್ವಲ್ಪ ಅಂಕ ಸೇರುತ್ತದೆ. ಹೋಗುವುದೋ ಬಿಡುವುದೋ ಅಂತ ಸುಸ್ತಾದ ಹೊತ್ತಲ್ಲಿ ಚರ್ಚೆ ಬೇಡ ಅಂತ ನಕ್ಷೆಯ ಮೇಲೇ ಬರೆದಿಟ್ಟೆವು. ಬೆಳಗ್ಗೆ 9 ಮುಕ್ಕಾಲಿನ ಒಳಗೆ ಜಂಕ್ಷನ್ ಸೇರಿದರೆ ಟೌನ್ ಆರ್ಮ್‌ಗೆ ಹೋಗುವುದು, ಒಂದು ನಿಮಿಷ ತಡವಾದರೂ ನೇರವಾಗಿ ಲಾಕ್ ಹತ್ತುವುದು. ನಾವು 9 ಗಂಟೆ 40ಕ್ಕೆ ಅಲ್ಲಿದ್ದೆವು. ಮೇಷ್ಟ್ರು ಗಡಿಯಾರ ನೋಡಿ ಟೌನ್ ಆರ್ಮ್ ಕಡೆ ದೋಣಿ ತಿರುಗಿಸಿದರು.